ಚೌಕಟ್ಟಿನೊಳಗಿನ ಕಳೆ

ಇಂದಿರಾನಗರದ ಒಂದು ಅಂಗಡಿಯಲ್ಲಿ ಈಚೆಗೆ ನನ್ನನ್ನು ತಡೆದು ನಿಲ್ಲಿಸಿದ್ದು ಗೋಡೆಗೆ ತೂಗುಹಾಕಿದ್ದ ಒಂದು ದತ್ತೂರಿ ಗಿಡ. ಕೃಷ್ಣರಾಜಪುರದ ರೈಲು ಹಳಿಯ ಪಕ್ಕ ಹಳದಿ ಹೂ ಬಿಟ್ಟು ನಿಲ್ಲುವ, ಮುಟ್ಟಿದರೆ ಚುಚ್ಚುವ, ಯಾರೂ ನೆಡದ ಕಳೆ. ಇಲ್ಲಿ ಅದಕ್ಕೆ ಚಿನ್ನದ ಬಣ್ಣದ ಚೌಕಟ್ಟು.

"ಯಾರು ಬರೆದದ್ದಪ್ಪ?" ಎಂದೆ.

"ರಾಬರ್ಟ್ ವೈಟ್ ಸಾರ್, ಹಳೇ ಕಾಲದ್ದು" ಎಂದ ಹುಡುಗ.

ವೈಟ್ ಕಂಪನಿ ಸರ್ಕಾರದ ವೈದ್ಯ, ದೊಡ್ಡ ಸಸ್ಯವಿಜ್ಞಾನಿ. 'ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಬಾಟನಿ' ಎಂಬ ಅವನ ಎರಡು ಸಂಪುಟಗಳು 1840 ಮತ್ತು 1850ರಲ್ಲಿ ಮದರಾಸಿನಿಂದ ಹೊರಬಂದವು. ಅದರಲ್ಲಿ ಗೆರೆ ಕಲ್ಲಚ್ಚಿನದು, ಬಣ್ಣ ಕೈಯದು. ಆದ್ದರಿಂದ ಒಂದು ಪ್ರತಿಯ ಹಸಿರು ಇನ್ನೊಂದರ ಹಸಿರಲ್ಲ. ಆದರೆ ಗಿಡದ ಮುಂದೆ ಕುಳಿತು ಕುಂಚ ಹಿಡಿದವನು ವೈಟ್ ಅಲ್ಲ. ಮೊದಲು ರಂಗಯ್ಯ, ಆಮೇಲೆ ಗೋವಿಂದು.

ನಾನು ನೋಡಿದ ಹಾಳೆಯಲ್ಲಿ ಗೆರೆ ಬಹಳ ಚೆನ್ನಾಗಿತ್ತು. ಎಲೆಯ ಪ್ರತಿ ಮುಳ್ಳಿಗೂ ಅದರದೇ ದಿಕ್ಕು. ಕಾಯಿಯನ್ನು ಸೀಳಿ, ಸಾಸಿವೆಯಂಥ ಬೀಜಗಳನ್ನು ತೋರಿಸಿದ್ದರು. ಬಣ್ಣ ಮಾತ್ರ ಸೋತಿತ್ತು. ದತ್ತೂರಿ ಎಲೆಯ ನರಗಳ ಗುಂಟ ಹರಿಯುವ ಬೂದಿ ಬಿಳುಪು ಒಂದೇ ಸಮನಾದ ಹಸಿರಿನಲ್ಲಿ ಮುಳುಗಿಹೋಗಿತ್ತು. ಬರೆದವನು ಗಿಡವನ್ನು ನೋಡಿದ್ದ. ಬಣ್ಣ ತುಂಬಿದವನು ಬಹುಶಃ ಮಾದರಿ ಹಾಳೆಯನ್ನಷ್ಟೇ ನೋಡಿದ್ದ. ಇಂಥ ಚಿತ್ರಗಳ ಗುಣವನ್ನೂ ದೋಷವನ್ನೂ ಅಳೆಯಬೇಕಾದದ್ದು ಈ ಎರಡು ಕೈಗಳ ನಡುವಿನ ದೂರದಲ್ಲಿ. "ಪುರಾತನ" ಎಂಬ ಒಂದೇ ಮಾತಿನಿಂದ ಎರಡನ್ನೂ ಹೊಗಳಿಬಿಟ್ಟರೆ ಚಿತ್ರವನ್ನು ನೋಡಿದಂತಾಗುವುದಿಲ್ಲ.

ಹೆಸರಿನ ಮಾತೂ ಇದೆ. ವೈಟ್ ತನ್ನ ಕಲಾವಿದರನ್ನು ಮರೆತವನಲ್ಲ. 1853ರಲ್ಲಿ ಒಂದು ಸೀತಾಳೆ ಗಿಡದ ಕುಲಕ್ಕೆ 'ಗೋವಿಂದೂಯಿಯ' ಎಂದು ಹೆಸರಿಟ್ಟ. ಆ ಹೆಸರು ಶಾಸ್ತ್ರದಲ್ಲಿ ಉಳಿಯಲಿಲ್ಲ, ಕುಲ ಈಗ ಟ್ರೊಪಿಡಿಯದೊಳಗೆ ಸೇರಿದೆ. ನಮ್ಮ ಶಿವಮೊಗ್ಗೆಯಲ್ಲಿ 1840ರ ದಶಕದಲ್ಲಿ ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್‌ಗೆ ನೂರಾರು ಕಾಡುಗಿಡಗಳನ್ನು ಬರೆದುಕೊಟ್ಟ ಮರಾಠಿ ಕಲಾವಿದನಿಗೆ ಅಷ್ಟೂ ದಕ್ಕಲಿಲ್ಲ. ಚಿತ್ರಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ, ಅವನ ಹೆಸರಿಲ್ಲ.

ವೈಟನ ಪುಸ್ತಕಗಳ ಅನೇಕ ಹಾಳೆಗಳ ಕೆಳಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಬರೆದವನ ಹೆಸರಿರುತ್ತದೆ. ಅಂಗಡಿಯ ಚಿತ್ರದಲ್ಲಿ ಆ ಅಂಚನ್ನು ಬಿಳಿ ರಟ್ಟು ಮುಚ್ಚಿತ್ತು. ಸ್ವಲ್ಪ ಸರಿಸಿ ತೋರಿಸು ಎಂದೆ. "ಬಿಚ್ಚಿದರೆ ಫ್ರೇಮ್ ಹಾಳಾಗುತ್ತೆ ಸಾರ್" ಎಂದ. ಅವನ ತಪ್ಪಲ್ಲ, ರಟ್ಟು ಕತ್ತರಿಸಿದವರಿಗೆ ಬೇಕಾಗಿದ್ದದ್ದು ಹೂವು.

ನಾನು ಕೊಳ್ಳಲಿಲ್ಲ. ಕೊಳ್ಳುವವರಿಗೆ ಒಂದು ಮಾತು: ರಟ್ಟನ್ನು ಒಂದು ಬೆರಳು ಕೆಳಗೆ ಕತ್ತರಿಸಲು ಹೇಳಿ. ಹೂವಿನ ಜೊತೆ ಬರೆದವನೂ ನಿಮ್ಮ ಮನೆಗೆ ಬರಲಿ.