ಹಿಪ್-ಹಾಪ್ ಶ್ರವಣಗೋಷ್ಠಿ: ರಸಿಕರಿಗೊಂದು ಕೈಪಿಡಿ

ನ್ಯೂಯಾರ್ಕ್, ಡೆಟ್ರಾಯಿಟ್, ಲಾಸ್ ಏಂಜಲೀಸ್ ಮೊದಲಾದ ಅಮೆರಿಕದ ನಗರಗಳಲ್ಲಿ, ಗ್ರಂಥಾಲಯದ ಸಭಾಂಗಣದಲ್ಲಿಯೋ ಹಳೆಯ ಪ್ಲೇಟುಗಳನ್ನು ಮಾರುವ ಅಂಗಡಿಯ ಹಿಂಬದಿಯ ಕೋಣೆಯಲ್ಲಿಯೋ ಸಂಜೆಯ ಹೊತ್ತು ಕೂಡುವ ಒಂದು ಬಗೆಯ ಗೋಷ್ಠಿಯುಂಟು. ಅಲ್ಲಿ ಹಾಡುವವರಿಲ್ಲ, ಕುಣಿಯುವವರಿಲ್ಲ. ಹಿಪ್-ಹಾಪ್ ಪ್ರೊಡ್ಯೂಸರನೊಬ್ಬನು ಟರ್ನ್‌ಟೇಬಲನ್ನೋ ಲ್ಯಾಪ್‌ಟಾಪನ್ನೋ ಎದುರಿಗಿಟ್ಟುಕೊಂಡು ಕುಳಿತು, ತಾನು ಕಟ್ಟಿದ ಬೀಟುಗಳನ್ನೂ ಅವುಗಳಿಗೆ ಆಕರವಾದ ಹಳೆಯ ಹಾಡುಗಳನ್ನೂ ಒಂದಾದ ಮೇಲೊಂದರಂತೆ ಕೇಳಿಸಿ, ನಡುನಡುವೆ ಸಭಿಕರೊಡನೆ ಮಾತನಾಡುತ್ತಾನೆ. 1998ರಿಂದ 2019ರವರೆಗೆ ನಡೆದ ರೆಡ್ ಬುಲ್ ಮ್ಯೂಸಿಕ್ ಅಕಾಡೆಮಿಯವರು ಕಲಾವಿದನನ್ನು ಸೋಫಾದ ಮೇಲೆ ಕೂರಿಸಿ, ಪಕ್ಕದಲ್ಲೊಬ್ಬ ಸಂವಾದಕನನ್ನಿಟ್ಟು ನಡೆಸುತ್ತಿದ್ದ ಉಪನ್ಯಾಸಗಳು ಈ ಪದ್ಧತಿಯನ್ನು ಬಹುಮಟ್ಟಿಗೆ ಲೋಕವಿದಿತಗೊಳಿಸಿದವು. ಇಂಥ ಗೋಷ್ಠಿಗೆ ಮೊದಲ ಬಾರಿ ಹೋಗುವ ನಮ್ಮ ಕಡೆಯ ಸಂಗೀತಪ್ರಿಯನಿಗೆ ಹುಟ್ಟುವ ಮೊದಲ ಸಂಶಯ ಸಹಜವಾದದ್ದೆ: ಹಾಡಿದವನು ಇವನಲ್ಲ, ವಾದ್ಯ ನುಡಿಸಿದವನೂ ಇವನಲ್ಲ, ಮತ್ತೆ ಇವನ ಕಲೆ ಯಾವುದು?

ಶ್ರವಣವೇ ಇವನ ಕಲೆ ಎಂಬುದು ನನ್ನ ಉತ್ತರ. ರ‍್ಯಾಪರನ ಮಾತು ನಿಲ್ಲುವ ನಾದದ ನೆಲಗಟ್ಟನ್ನು, ಅಂದರೆ ಬೀಟನ್ನು, ಕಟ್ಟುವವನು ಪ್ರೊಡ್ಯೂಸರ್. ಆ ನೆಲಗಟ್ಟಿಗೆ ಬೇಕಾದ ಕಲ್ಲುಗಳನ್ನು ಅವನು ಅನ್ಯರು ಮರೆತ ಪ್ಲೇಟುಗಳಿಂದ ಆಯ್ದು ತರುತ್ತಾನೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿಗೃಹದಲ್ಲಿ ತನ್ನ ತಂಗಿ ಸಿಂಡಿ ಏರ್ಪಡಿಸಿದ ಕೂಟಕ್ಕೆ ಪ್ಲೇಟುಗಳನ್ನು ಹಾಕಿದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್, ಗಮನಿಸಿದ್ದು ಒಂದೇ ಸಂಗತಿಯನ್ನು: ಹಾಡು ನಿಂತು ಡ್ರಮ್ ಮಾತ್ರ ನುಡಿಯುವ ಹೊತ್ತಿಗೆ ಜನ ಕುಣಿಯಲು ಕಾದಿರುತ್ತಾರೆ. ‘ಬ್ರೇಕ್’ ಎನಿಸಿಕೊಳ್ಳುವ ಆ ಕೆಲವೇ ಕ್ಷಣಗಳ ಭಾಗವನ್ನು ಒಂದೇ ಪ್ಲೇಟಿನ ಎರಡು ಪ್ರತಿಗಳಿಂದ ಮರಳಿ ಮರಳಿ ನುಡಿಸಿ ಆತ ನಿಮಿಷಗಟ್ಟಲೆ ಬೆಳೆಸತೊಡಗಿದ. ಮುಂದೆ ಬಂದ ಯಂತ್ರಗಳೆಲ್ಲವೂ ಈ ಒಂದು ಗಮನಿಸುವಿಕೆಯ ವಿಸ್ತಾರವೆಂದರೆ ಅತಿಶಯೋಕ್ತಿಯಾಗದು.

ಕುಳಿತ ಮೇಲೆ ಮಾಡತಕ್ಕ ಮೊದಲ ಕೆಲಸ, ಕೈಯನ್ನು ಹದಗೊಳಿಸುವುದು. ನಾಲ್ಕೆಣಿಕೆಯ ಈ ಸಂಗೀತದಲ್ಲಿ ಒಂದನೆಯ ಎಣಿಕೆಗೆ ಕಿಕ್ ಎಂಬ ಗಂಭೀರಧ್ವನಿಯ ಪೆಟ್ಟೂ, ಎರಡು ಮತ್ತು ನಾಲ್ಕನೆಯ ಎಣಿಕೆಗಳಿಗೆ ಸ್ನೇರ್ ಎಂಬ ಚುರುಕು ಪೆಟ್ಟೂ ಬೀಳುವುದು ವಾಡಿಕೆ. ಭಜನೆಗೆ ಒಗ್ಗಿದ ನಮ್ಮ ಕೈ ಸ್ವಭಾವತಃ ಒಂದಕ್ಕೂ ಮೂರಕ್ಕೂ ಚಪ್ಪಾಳೆಯಿಕ್ಕಲು ಹವಣಿಸುತ್ತದೆ; ಅದನ್ನು ಎರಡಕ್ಕೂ ನಾಲ್ಕಕ್ಕೂ ತಿರುಗಿಸಿಕೊಳ್ಳದೆ ಹೋದರೆ ಇಡೀ ಸಂಜೆ ಪ್ರವಾಹಕ್ಕೆ ಎದುರಾಗಿ ಈಜಿದಂತಾಗುವುದು. ಇಲ್ಲಿನ ಸಭಿಕರು ತೊಡೆಯ ಮೇಲೆ ತಾಳ ಹಾಕುವುದಿಲ್ಲ, ‘ಭೇಷ್’ ಎನ್ನುವುದೂ ಇಲ್ಲ. ತಲೆದೂಗುತ್ತಾರೆ, ಬೀಟು ಬಹಳ ಚೆನ್ನಾಗಿದ್ದರೆ ಹುಳಿ ಹೀಚನ್ನು ಕಚ್ಚಿದವರಂತೆ ಮುಖ ಕಿವಿಚುತ್ತಾರೆ. ಅದು ಪ್ರಶಂಸೆ, ಹೊಸಬರು ಅನ್ಯಥಾ ಭಾವಿಸಬಾರದು.

ಎರಡನೆಯದಾಗಿ, ನಾದದ ಮೈವಳಿಕೆಯನ್ನು ಕೇಳಬೇಕು. 1987ರಲ್ಲಿ ಇ-ಮ್ಯೂ ಸಂಸ್ಥೆ ಹೊರತಂದ ಎಸ್‌ಪಿ-1200 ಎಂಬ ಸ್ಯಾಂಪ್ಲರಿನ, ಅಂದರೆ ಧ್ವನಿಯ ತುಣುಕುಗಳನ್ನು ಹಿಡಿದಿಟ್ಟು ನುಡಿಸುವ ಯಂತ್ರದ, ಸ್ಮೃತಿಯಲ್ಲಿ ಒಟ್ಟು ಹತ್ತು ಸೆಕೆಂಡುಗಳಷ್ಟು ಧ್ವನಿ ಮಾತ್ರ ಹಿಡಿಯುತ್ತಿತ್ತು. ಅದೂ 12 ಬಿಟ್‌ಗಳ ಒರಟು ದಾಖಲೆ. ಈ ಇಕ್ಕಟ್ಟಿನಿಂದ ಪಾರಾಗಲು ನ್ಯೂಯಾರ್ಕಿನ ಬೀಟುಗಾರರು 33 ಸುತ್ತಿನ ಪ್ಲೇಟನ್ನು 45ರ ವೇಗದಲ್ಲಿ ಓಡಿಸಿ, ಆ ಅವಸರದ ಧ್ವನಿಯನ್ನು ಯಂತ್ರದೊಳಗೆ ತುಂಬಿ, ಬಳಿಕ ಒಳಗಿನಿಂದಲೇ ಅದನ್ನು ನಿಧಾನಗೊಳಿಸಿ ಮೊದಲಿನ ಶ್ರುತಿಗೆ ಇಳಿಸುತ್ತಿದ್ದರು. ಹಾಗೆ ಒತ್ತಿ ತುಂಬಿ ಬಿಡಿಸಿದ ನಾದಕ್ಕೆ ಮರಳಿನಂಥದೊಂದು ಒರಟುತನ ಅಂಟಿತು. ಅದೇ ಆ ಕಾಲದ ನ್ಯೂಯಾರ್ಕ್ ಬೀಟಿನ ಚೆಲುವಾಯಿತು. ಇಂದಿನ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಧ್ವನಿಯನ್ನು ನಿರ್ಮಲವಾಗಿ ತುಂಬಬಹುದಾಗಿದ್ದರೂ ಅನೇಕರು ಆ ಒರಟುತನವನ್ನು ಬೇಕೆಂದೇ ಬೆರೆಸುವುದನ್ನು ಗೋಷ್ಠಿಯಲ್ಲಿ ಕೇಳಬಹುದು. ಕೆಲವೊಮ್ಮೆ ಅದು ಬರಿಯ ಹಳಹಳಿಕೆಯೆಂದು ನನಗೆ ತೋರುವುದುಂಟು.

ಮೂರನೆಯ ಸಂಗತಿ ಲಯ. ಇಲ್ಲಿ ಕೊಂಚ ನಿಲ್ಲಬೇಕು. ಡೆಟ್ರಾಯಿಟಿನಲ್ಲಿ 1974ರಲ್ಲಿ ಜನಿಸಿದ ಜೇಮ್ಸ್ ಡೆವಿಟ್ ಯಾನ್ಸಿ, ಅಂದರೆ ಜೆ ಡಿಲ್ಲಾ, ಬಳಸಿದ ಯಂತ್ರ ರೋಜರ್ ಲಿನ್ ವಿನ್ಯಾಸಗೊಳಿಸಿದ ಎಂಪಿಸಿ 3000; ಬೆರಳಿನಿಂದ ಬಡಿಯಲು ಹದಿನಾರು ರಬ್ಬರ್ ಪ್ಯಾಡುಗಳುಳ್ಳ ಪೆಟ್ಟಿಗೆ. ಬಡಿದವನ ಬೆರಳು ತುಸು ಮುಂಚೆ ಬಿದ್ದರೂ ತಡವಾಗಿ ಬಿದ್ದರೂ ಪೆಟ್ಟನ್ನು ಸರಿಯಾದ ಸ್ಥಾನಕ್ಕೆ ತಳ್ಳಿ ನಿಲ್ಲಿಸುವ ವ್ಯವಸ್ಥೆ ಅದರಲ್ಲಿತ್ತು. ಪೆಟ್ಟುಗಳ ಜೋಡಿಯಲ್ಲಿ ಎರಡನೆಯದನ್ನು ತುಸು ತಡಮಾಡಿ ಓಲಾಟ ತರುವ ಸೌಕರ್ಯವೂ ಇತ್ತು. ಡಿಲ್ಲಾ ಈ ಎರಡನ್ನೂ ಇಡೀ ಬೀಟಿಗೆ ಸಮನಾಗಿ ಹಚ್ಚದೆ, ಒಂದು ನಾದವನ್ನು ನೇರ ನಡೆಯಲ್ಲಿ ಬಿಟ್ಟು, ಮತ್ತೊಂದನ್ನು ಓಲಾಡಿಸಿ, ಸ್ನೇರನ್ನು ಕೂದಲೆಳೆಯಷ್ಟು ಮುಂಚೆ ತಂದು, ಕಿಕ್ಕನ್ನು ಬೆರಳು ಬಿದ್ದಲ್ಲಿಯೇ ಉಳಿಸಿದ. ಮೊದಲು ಕೇಳುವವನಿಗೆ ಇದು ಎಡವುತ್ತಿದೆಯೆನ್ನಿಸುತ್ತದೆ. ಹತ್ತು ಆವರ್ತ ಕೇಳಿದ ಮೇಲೆ ಎಡವುವುದೇ ನಡಿಗೆಯೆಂದು ತಿಳಿಯುತ್ತದೆ. ತಾಳದ ಆರಂಭಕ್ಕೆ ಹಿಂದುಮುಂದಾಗಿ ಹಾಡನ್ನು ಎತ್ತಿಕೊಳ್ಳುವ ನಮ್ಮ ಅತೀತ, ಅನಾಗತ ಎಡುಪುಗಳನ್ನು ನೆನೆದು ‘ಇದು ನಮ್ಮಲ್ಲಿಯೂ ಉಂಟು’ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ, ಆದರೆ ಅದು ತಪ್ಪು ದಾರಿ. ನಮ್ಮ ಎಡುಪು ಎಣಿಕೆಗೆ ಸಿಕ್ಕುವಂಥದು, ಬೆರಳ ಗೆರೆಯ ಮೇಲೆ ತೋರಿಸಬಹುದಾದದ್ದು. ಇಲ್ಲಿಯ ಸರಿದಾಟ ಎಣಿಕೆಗಿಂತ ಸೂಕ್ಷ್ಮ, ಮೈಗೆ ಮಾತ್ರ ಗೋಚರ. ಗಾಯಕ ಡಿ’ಏಂಜೆಲೋನ 2000ರ ‘ವೂಡೂ’ ಆಲ್ಬಮ್ಮಿಗೆ ಡ್ರಮ್ ನುಡಿಸಿದ ಕ್ವೆಸ್ಟ್‌ಲವ್ ಈ ಯಂತ್ರದ ಎಡವುವಿಕೆಯನ್ನು ಮನುಷ್ಯಹಸ್ತದಿಂದ ಅನುಕರಿಸಲು ಶ್ರಮಪಟ್ಟನೆಂಬುದು ಈ ವಿದ್ಯೆಯ ಇತಿಹಾಸದಲ್ಲಿ ವಿನೋದಕರವಾದ ಘಟ್ಟ. ಡಿಲ್ಲಾ ಬಳಸಿದ ಆ ಎಂಪಿಸಿ 3000 ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ನಿಗೆ ಸೇರಿದ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯದಲ್ಲಿದೆ.

ಡಿಲ್ಲಾನ ‘ಡೋನಟ್ಸ್’ 2006ರ ಫೆಬ್ರವರಿ 7ರಂದು, ಅವನ ಮೂವತ್ತೆರಡನೆಯ ಹುಟ್ಟುಹಬ್ಬದ ದಿನ, ಬಿಡುಗಡೆಯಾಯಿತು; ಮೂರು ದಿನಗಳ ತರುವಾಯ ಆತ ತೀರಿಕೊಂಡ. ಮೂವತ್ತೊಂದು ಕಿರು ತುಣುಕುಗಳ ಈ ಆಲ್ಬಮ್ಮಿನ ಹದಿನೆಂಟನೆಯದು ‘ಡೋಂಟ್ ಕ್ರೈ’. ಇದರ ಆಕರ ಎಸ್ಕಾರ್ಟ್ಸ್ ಎಂಬ ತಂಡದ ಗೀತೆ. ನ್ಯೂಜೆರ್ಸಿಯ ರಾವೇ ಸೆರೆಮನೆಯಲ್ಲಿ ಕೂಡಿದ ಕೈದಿಗಳ ತಂಡವದು, ತಮ್ಮ ಮೊದಲ ಆಲ್ಬಮ್ಮನ್ನು ಸೆರೆಮನೆಯೊಳಗೇ ಮುದ್ರಿಸಿದವರು. ಡಿಲ್ಲಾ ಆರಂಭದಲ್ಲಿ ಆ ಹಾಡನ್ನು ಬಹುಮಟ್ಟಿಗೆ ಇದ್ದಂತೆಯೇ ಹರಿಯಗೊಡುತ್ತಾನೆ. ಇದರಲ್ಲಿ ಇವನ ಪಾಲೇನು ಎಂದು ಕೇಳುಗನು ಕೇಳುವಷ್ಟರಲ್ಲಿ ಅದೇ ಹಾಡು ಚೂರುಚೂರಾಗಿ, ಅರ್ಧ ಉಸಿರು, ಒಂದು ಸ್ವರದ ಕೊನೆ, ಒಂದು ಡ್ರಮ್ ಪೆಟ್ಟು ಎಂಬಂತೆ ಕಡಿದು ಮರುಜೋಡಣೆಗೊಂಡು ಬರುತ್ತದೆ. ಮೂಲದಲ್ಲಿ ಸಂತೈಸುತ್ತಿದ್ದ ಕಂಠ ಈಗ ತಾನೇ ಬಿಕ್ಕುತ್ತಿದೆ. ಗೋಷ್ಠಿಯಲ್ಲಿ ಮೂಲವನ್ನು ಕೇಳಿಸಿ ಬೀಟನ್ನು ಕೇಳಿಸುವ ಕ್ರಮವನ್ನು ಡಿಲ್ಲಾ ಇಲ್ಲಿ ಒಂದೇ ತುಣುಕಿನೊಳಗೆ ನೆರವೇರಿಸಿಬಿಟ್ಟಿದ್ದಾನೆ. ಮೂಲ ಕೇಳಿಬರುವಾಗ ಯಾವ ಅಂಶ ಆರಿಸಲ್ಪಡಬಹುದೆಂದು ಮನಸ್ಸಿನಲ್ಲಿಯೇ ಊಹಿಸುತ್ತಿರುವುದು ರಸಿಕನಿಗೆ ಉತ್ತಮ ಅಭ್ಯಾಸ. ಊಹೆ ಸಾಮಾನ್ಯವಾಗಿ ತಪ್ಪುತ್ತದೆ. ತಪ್ಪಿದಾಗಲೇ ಪ್ರೊಡ್ಯೂಸರನ ಕಿವಿ ಎಂಥದೆಂದು ತಿಳಿಯುವುದು.

ಈಗ ಶಿಷ್ಟಾಚಾರದ ಮಾತು. ಪ್ರೊಡ್ಯೂಸರನು ತಾನಾಗಿ ಹೇಳದ ಆಕರವನ್ನು ಸಭೆಯಲ್ಲಿ ಕೇಳಲಾಗದು. ಹರ್ಕ್ ತನ್ನ ಪ್ಲೇಟುಗಳ ಚೀಟಿಗಳನ್ನು ನೀರಿನಲ್ಲಿ ನೆನೆಸಿ ತೆಗೆದುಬಿಡುತ್ತಿದ್ದುದು ಪ್ರತಿಸ್ಪರ್ಧಿಗಳಿಗೆ ಹೆದರಿ. ಈಗಿನವರು ಮುಚ್ಚಿಡುವುದು ವಕೀಲರಿಗೆ ಹೆದರಿ. 1991ರಲ್ಲಿ ಬಿಜ್ ಮಾರ್ಕಿ ಎಂಬ ರ‍್ಯಾಪರನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ, ಅನುಮತಿಯಿಲ್ಲದೆ ತುಣುಕನ್ನು ಎತ್ತುವುದು ಕಳವೆಂದು ತೀರ್ಪಿತ್ತ ಮೇಲೆ ಈ ಕಲೆಯ ವೆಚ್ಚವೂ ಭಯವೂ ಏರಿದವು. ಆದರೆ ನ್ಯಾಯದ ತಕ್ಕಡಿ ಒಂದೇ ಕಡೆ ಬಾಗಿದೆಯೆಂದು ನಾನು ಹೇಳಲೊಲ್ಲೆ. ದಿ ವಿನ್‌ಸ್ಟನ್ಸ್ ತಂಡ 1969ರಲ್ಲಿ ಮುದ್ರಿಸಿದ ‘ಆಮೆನ್, ಬ್ರದರ್’ ಗೀತೆಯ ಮಧ್ಯೆ ಗ್ರೆಗರಿ ಕೋಲ್‌ಮನ್ ನುಡಿಸಿದ ಕೆಲವೇ ಸೆಕೆಂಡುಗಳ ಡ್ರಮ್ ಬ್ರೇಕ್ ಸಾವಿರಾರು ಹಾಡುಗಳಿಗೆ ತಳಹದಿಯಾಯಿತು. ಅದನ್ನು ನುಡಿಸಿದಾತ 2006ರಲ್ಲಿ ನಿರ್ಗತಿಕನಾಗಿ ಸತ್ತ. ಬೀಟಿನ ಚೆಲುವಿಗೆ ತಲೆದೂಗುವ ರಸಿಕ ಈ ಋಣವನ್ನೂ ಲೆಕ್ಕಕ್ಕೆ ಹಿಡಿಯಬೇಕಾದ್ದು ನ್ಯಾಯ.

ಆ ಋಣದ ಲೆಕ್ಕದಲ್ಲಿ ನಮ್ಮ ದೇಶದ ಹೆಸರೂ ಇದೆ. ಕ್ಯಾಲಿಫೋರ್ನಿಯಾದ ಪ್ರೊಡ್ಯೂಸರ್ ಮ್ಯಾಡ್‌ಲಿಬ್ 2007ರಲ್ಲಿ ಭಾರತೀಯ ಚಲನಚಿತ್ರಗೀತೆಗಳ ಪ್ಲೇಟುಗಳಿಂದಲೇ ಒಂದು ಬೀಟುಸಂಗ್ರಹವನ್ನು ಕಟ್ಟಿದ. ಅದಕ್ಕೂ ಮೊದಲು, 2002ರಲ್ಲಿ, ಡಿಜೆ ಕ್ವಿಕ್ ಎಂಬ ಪ್ರೊಡ್ಯೂಸರ್ ಕಟ್ಟಿದ ‘ಅಡಿಕ್ಟಿವ್’ ಎಂಬ ಹಾಡಿನಲ್ಲಿ ಲತಾ ಮಂಗೇಶ್ಕರರ ಕಂಠ ಮೊಳಗಿತು. 1981ರ ‘ಜ್ಯೋತಿ’ ಚಿತ್ರದ ಆ ಗೀತೆಗೆ ರಾಗ ಹಾಕಿದ್ದ ಬಪ್ಪಿ ಲಾಹಿರಿಯವರು ಅಮೆರಿಕದ ನ್ಯಾಯಾಲಯದ ಮೊರೆಹೊಕ್ಕು, ತಮ್ಮ ಹೆಸರು ನಮೂದಾಗದೆ ‘ಅಡಿಕ್ಟಿವ್’ ಇರುವ ಆಲ್ಬಮ್ಮನ್ನು ಮಾರಬಾರದೆಂಬ ಆಜ್ಞೆ ಪಡೆದರು. ನಮ್ಮ ಕಿವಿಗೆ ಪರಿಚಿತವಾದ ಸ್ವರ ಅಪರಿಚಿತ ತಾಳದ ಮೇಲೆ ಕುಳಿತದ್ದನ್ನು ಕೇಳಿದಾಗ ಹೆಮ್ಮೆಯೂ ಮುನಿಸೂ ಒಟ್ಟಿಗೆ ಏಳುವುದು ಸ್ವಾಭಾವಿಕ. ಎರಡನ್ನೂ ಒಂದು ಗಳಿಗೆ ಬದಿಗಿಟ್ಟು, ಆಲಾಪದ ಯಾವ ಬಿಂದುವಿನಲ್ಲಿ ಕತ್ತರಿ ಬಿದ್ದಿದೆಯೆಂದು ನೋಡಿ.

ಸಂವಾದದ ಹೊತ್ತಿನಲ್ಲಿ, ‘ನಿಮಗೆ ಸ್ಫೂರ್ತಿ ಯಾರು’ ಎಂಬ ಪ್ರಶ್ನೆಯನ್ನು ದಯಮಾಡಿ ಬೇರೆಯವರಿಗೆ ಬಿಡಿ. ಅದಕ್ಕೆ ಸಿದ್ಧ ಉತ್ತರವಿರುತ್ತದೆ. ಈ ಸ್ನೇರ್ ಇಷ್ಟು ಮುಂಚೆ ಬೀಳುವುದೇಕೆ, ಈ ಬೀಟಿನಿಂದ ಯಾವುದನ್ನು ತೆಗೆದುಹಾಕಿದಿರಿ, ರ‍್ಯಾಪರ್ ಬಂದಾಗ ಎಲ್ಲಿ ಜಾಗ ಬಿಟ್ಟಿರಿ ಎಂದು ಕೇಳಿದರೆ ಮುಂಚಿತವಾಗಿ ಯೋಚಿಸಿರದ ಮಾತು ಹೊರಡುತ್ತದೆ. ಕೆಲವರು ಉತ್ತರಿಸುವ ಬದಲು ಆ ಒಂದು ನಾದವನ್ನು ನಿಲ್ಲಿಸಿ ಉಳಿದದ್ದನ್ನು ಕೇಳಿಸುವುದುಂಟು, ಅದು ಉತ್ತರಕ್ಕಿಂತ ಮೇಲು. ಇನ್ನೂ ಬಿಡುಗಡೆಯಾಗದ ಬೀಟುಗಳನ್ನು ಕೇಳಿಸುವಾಗ ಫೋನನ್ನು ಹೊರತೆಗೆಯಬೇಡಿ. ಗೋಷ್ಠಿಗೆ ಹೋಗುವ ಮುನ್ನ ‘ಡೋನಟ್ಸ್’ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಮುಕ್ಕಾಲು ಗಂಟೆಯೂ ಹಿಡಿಯದು, ಒಮ್ಮೆ ಕೇಳಿಕೊಂಡಿರಿ. ಅದರ ಮೊದಲ ತುಣುಕಿನ ಹೆಸರಿನಲ್ಲಿಯೇ ‘ಔಟ್ರೋ’, ಅಂದರೆ ಮುಕ್ತಾಯ, ಎಂದಿರುವುದನ್ನು ಕಂಡು ಕ್ರಮ ತಪ್ಪಿದೆಯೆಂದು ಬಗೆಯಬೇಡಿ, ಅದು ಬೇಕೆಂದೇ ಇಟ್ಟ ಹೆಸರು.