ಅರ್ಧ ಕಟ್ಟಿದ ಮೇಖಲೆ

ಶೃಂಗಾರವು ರಸಗಳಲ್ಲಿ ಮೊದಲನೆಯದೆಂದು ಆಲಂಕಾರಿಕರು ಎಣಿಸಿರುವರು. ಅದನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ವಿಭಾಗಿಸಿ, ಚಂದ್ರೋದಯ, ಉದ್ಯಾನ, ಮಲಯಮಾರುತ, ಕೋಗಿಲೆಯ ಧ್ವನಿ ಮೊದಲಾದುವನ್ನು ಉದ್ದೀಪನ ವಿಭಾವಗಳೆಂದು ಹೇಳಿರುವರು. ಆ ಪಟ್ಟಿಯಲ್ಲಿ ಅಡಿಗೆಯ ಮನೆಯಿಲ್ಲ, ಹೂ ಕಟ್ಟುವ ಬಾಳೆಯ ನಾರಿಲ್ಲ, ನೂಲುವ ಕದಿರಿಲ್ಲ. ಒಂದೇ ಸೂರಿನ ಕೆಳಗೆ ಬಹುಕಾಲ ಬಾಳಿದ ಸತಿಪತಿಗಳು ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು, ಒಬ್ಬರು ಅಡಕೆಯನ್ನು ಕತ್ತರಿಸುತ್ತಲೂ ಮತ್ತೊಬ್ಬರು ಎಲೆಗೆ ಸುಣ್ಣ ಸವರುತ್ತಲೂ ಪಡೆಯುವ ಸುಖವು ಕಾವ್ಯಕ್ಕೆ ತಕ್ಕ ವಸ್ತುವೆ? ತಕ್ಕುದಾದರೆ ಅದು ರಸಪದವಿಗೆ ಏರುವ ಬಗೆ ಯಾವುದು? ಕನ್ನಡದಲ್ಲಿ ದಾಂಪತ್ಯಗೀತಗಳೂ ದಾಂಪತ್ಯದ ಕಥೆಗಳೂ ಈಗ ಹೇರಳವಾಗಿರುವುದರಿಂದ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಕೇರಿ ನೋಡುವುದಕ್ಕೆ ಒಂದು ಮೊರ ಬೇಕಾಗಿದೆ.

ಅಂತಹ ಮೊರವನ್ನು ಕಾಳಿದಾಸನೇ ಕೊಟ್ಟಿರುವನು. ರಘುವಂಶದ ಎಂಟನೆಯ ಸರ್ಗದಲ್ಲಿ ಅಜಮಹಾರಾಜನು ಇಂದುಮತಿಯೊಡನೆ ಉಪವನದಲ್ಲಿ ವಿಹರಿಸುತ್ತಿರುವಾಗ, ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ನಾರದರ ವೀಣೆಯಿಂದ ದಿವ್ಯಮಾಲೆಯೊಂದು ಜಾರಿ ಅವಳ ಎದೆಯ ಮೇಲೆ ಬೀಳುವುದು; ಅವಳು ಪ್ರಾಣ ಬಿಡುವಳು. ಆ ಮೇಲಿನದು ಸುಪ್ರಸಿದ್ಧವಾದ ಅಜವಿಲಾಪ. ಮಡದಿಯನ್ನು ಮನೆಯೊಡತಿಯೆಂದೂ ಗೆಳತಿಯೆಂದೂ ಕಲೆಗಳಲ್ಲಿ ಶಿಷ್ಯೆಯೆಂದೂ ಅಜನು ನೆನೆಯುವ ಶ್ಲೋಕವನ್ನು ಪಾಠಶಾಲೆಯ ಹುಡುಗರೆಲ್ಲರೂ ಬಾಯಿಪಾಠ ಮಾಡಿರುವರು. ಅದಕ್ಕೂ ಸ್ವಲ್ಪ ಮುಂಚೆ ಬರುವ ಒಂದು ಮಾತಿನ ಕಡೆಗೆ ವಾಚಕರ ಗಮನ ಸಾಲದು. ಗಂಡಹೆಂಡಿರಿಬ್ಬರೂ ಕೂಡಿ ಬಕುಳದ ಹೂವಿನಿಂದ ಒಂದು ಮೇಖಲೆಯನ್ನು ಕಟ್ಟುತ್ತಿದ್ದರು, ಅದು ಅರ್ಧವಾಗಿತ್ತು, ಅದನ್ನು ಮುಗಿಸದೆ ಹೀಗೆ ಮಲಗಿದೆಯೇಕೆ ಎಂದು ಅಜನು ಸತ್ತವಳನ್ನು ಕೇಳುವನು. ಬಕುಳವೆಂದರೆ ನಮ್ಮ ಮಲೆನಾಡಿನ ರಂಜದ ಹೂ. ಒಣಗಿದ ಮೇಲೂ ಕಂಪನ್ನು ಬಿಡದ ಹೂ.

ಒಂದೇ ಪ್ರಸಂಗದಲ್ಲಿ ಎರಡು ಮಾಲೆಗಳಿರುವುದನ್ನು ಸಹೃದಯರು ಕಾಣಬೇಕು. ದೇವಲೋಕದ ಮಾಲೆ ಸಂಪೂರ್ಣವಾದುದು, ಅದು ಕೊಂದಿತು. ಕೈಯಿಂದ ಕಟ್ಟಿದ ಮಾಲೆ ಅಪೂರ್ಣವಾದುದು, ಬದುಕೆಲ್ಲ ಅದರಲ್ಲಿತ್ತು. ಮಹಾರಾಜನಿಗೆ ಹೂ ಕಟ್ಟಿಕೊಡುವ ಸೇವಕರಿಗೇನು ಕೊರತೆ? ಆದರೂ ಕಾಳಿದಾಸನು ಆ ಕೆಲಸವನ್ನು ಅವನ ಕೈಗೂ ಅವಳ ಕೈಗೂ ಕೊಟ್ಟು, ನಡುವೆ ನಿಲ್ಲಿಸಿಬಿಟ್ಟನು. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಮಾಲೆ ಕಟ್ಟುವುದನ್ನೂ ಸೂಜಿಯ ಕೆಲಸವನ್ನೂ ಸೇರಿಸಿರುವನು. ಗೃಹಿಣಿಯು ಹತ್ತಿಯನ್ನು ನೂಲಬೇಕು, ನೇಯಿಸಬೇಕು ಎಂದೂ ವಿಧಿಸಿರುವನು. ಅದು ಶಾಸ್ತ್ರ, ಅಲ್ಲಿ ರಸವಿಲ್ಲ. ಕೈಕೆಲಸವು ರಸವಾಗಬೇಕಾದರೆ ಎರಡು ಲಕ್ಷಣಗಳು ಬೇಕೆಂದು ಅಜವಿಲಾಪದಿಂದ ತಿಳಿಯುವುದು. ಅದು ಇಬ್ಬರೂ ಕೂಡಿ ಮಾಡಿದ ಕೆಲಸವಾಗಿರಬೇಕು. ಮುರಿಯಬಹುದಾದ, ಮುಗಿಯದೆ ಉಳಿಯಬಹುದಾದ ಕೆಲಸವಾಗಿರಬೇಕು. ಈ ಎರಡನ್ನು ಹಿಡಿದುಕೊಂಡು, ಹಿಂದೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಈ ಸೀಮೆಗೆ ಸಂಬಂಧಪಟ್ಟ ಮೂವರು ಬರೆಹಗಾರರನ್ನು ನೋಡಬಹುದು.

ಮೊದಲನೆಯವನು ಜನ್ನ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ಜನ್ನನೇ. ಆತನ ಯಶೋಧರಚರಿತೆ 1209ರದು. ಅದು ಒಡೆದುಹೋದ ದಾಂಪತ್ಯದ ಕಥೆ. ರಾಣಿ ಅಮೃತಮತಿಯು ಮಾವಟಿಗನ ಹಾಡಿಗೆ ಮನಸೋತು ಅವನಲ್ಲಿಗೆ ಹೋಗುವುದನ್ನು ಅರಸನು ಕಣ್ಣಾರೆ ಕಂಡು, ಬಾಯಿಬಿಡದೆ ಹಿಂದಿರುಗುವನು. ಮುಂದೆ ಸರಸವೆಂಬಂತೆ ಅವಳನ್ನು ಒಂದು ನೆಯ್ದಿಲಿನಿಂದ ಹೊಡೆಯುವನು. ಅವಳು ಮೂರ್ಛೆ ಹೋದಂತೆ ಬೀಳುವಳು. ಒಲವಿನ ಮನೆಯಲ್ಲಿ ನಗೆಯನ್ನು ತರಬೇಕಾಗಿದ್ದ ಹೂವು ಇಲ್ಲಿ ವ್ಯಂಗ್ಯದ ಆಯುಧವಾಯಿತು. ಹೊಡೆದವನಿಗೂ ಬಿದ್ದವಳಿಗೂ ಅದು ಆಟವಲ್ಲವೆಂದು ಗೊತ್ತು. ಆಮೇಲೆ ಆ ಮನೆಯಲ್ಲಿ ನಡೆಯುವ ಕೈಕೆಲಸಗಳನ್ನು ಗಮನಿಸಬೇಕು. ಒಂದು, ತಾಯಿಯ ಒತ್ತಾಯಕ್ಕೆ ಬಲಿಗೊಡಲೆಂದು ಮಾಡಿಸಿದ ಹಿಟ್ಟಿನ ಕೋಳಿ. ಇನ್ನೊಂದು, ರಾಣಿಯು ಗಂಡನಿಗೂ ಅತ್ತೆಗೂ ಇಕ್ಕಿದ ವಿಷ. ಹಿಟ್ಟು ನಾದುವುದೂ ಊಟ ಬಡಿಸುವುದೂ ದಿನನಿತ್ಯದ ಕೆಲಸಗಳೇ. ಅವೇ ಕೆಲಸಗಳು, ಕೂಡಿ ಬಾಳುವ ಮನಸ್ಸು ಹೋದಮೇಲೆ, ಸಂಕಲ್ಪಹಿಂಸೆಯಾಗಿಯೂ ಕೊಲೆಯಾಗಿಯೂ ಪರಿಣಮಿಸಿ ಜನ್ಮಜನ್ಮಗಳವರೆಗೆ ಕಾಡುವುವು. ಜನ್ನನ ಉದ್ದೇಶ ಅಹಿಂಸಾಧರ್ಮದ ಪ್ರತಿಪಾದನೆಯೆಂಬುದು ನಿಜ. ಆದರೂ ದಾಂಪತ್ಯದ ಸಣ್ಣ ಸುಖಗಳ ಬೆಲೆಯನ್ನು, ಅವು ಇಲ್ಲದ ಮನೆಯನ್ನು ತೋರಿಸಿಯೇ ಅವನು ಹೇಳಿರುವನು.

ಎರಡನೆಯವನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶ. ವಾರ್ಧಕಷಟ್ಪದಿಯಲ್ಲಿ ರಚಿತವಾದ ಅವನ ಜೈಮಿನಿ ಭಾರತವನ್ನು ಹಳ್ಳಿಯ ಜಗಲಿಗಳಲ್ಲಿ ಓದಿಸಿ ಕೇಳಿದ ತಲೆಮಾರುಗಳೆಷ್ಟೋ. ಉಪಮಾಲೋಲನೆಂದು ಬಿರುದು ಪಡೆದ ಈ ಕವಿಯ ಶೃಂಗಾರವರ್ಣನೆ ಬಹುಮಟ್ಟಿಗೆ ಸಂಪ್ರದಾಯದ ಉದ್ಯಾನದಲ್ಲಿಯೇ ಸಂಚರಿಸುವುದೆಂದು ಒಪ್ಪಲೇಬೇಕು; ಅಲ್ಲಿ ಮಾತಿನ ನಾದ ಹೆಚ್ಚು, ಮನೆಯ ಸದ್ದು ಕಡಮೆ. ಆದರೆ ಎರಡು ಕಡೆಗಳಲ್ಲಿ ಅವನು ಮನೆಯೊಳಗೆ ಬಂದಿರುವನು. ಒಂದು ಸುಧನ್ವನ ಪ್ರಸಂಗ. ಯುದ್ಧಕ್ಕೆ ತಡವಾಗಿ ಬಂದವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವೆನೆಂದು ಹಂಸಧ್ವಜರಾಜನು ಸಾರಿಸಿರುವನು. ಮಡದಿಯಾದ ಪ್ರಭಾವತಿಯು ಸಂತಾನವನ್ನು ಬಯಸಿ ಬೇಡಿದುದರಿಂದ ಸುಧನ್ವನು ಸ್ವಲ್ಪ ಹೊತ್ತು ನಿಲ್ಲುವನು. ಮಗನೆಂದು ನೋಡದೆ ತಂದೆಯು ದಂಡನೆಯನ್ನು ವಿಧಿಸುವನು. ಹರಿಸ್ಮರಣೆಯಿಂದ ಕೊಪ್ಪರಿಗೆ ತಣ್ಣಗಾಯಿತೆಂಬುದು ಭಕ್ತಿಯ ಮಾತು. ಕಾವ್ಯದ ಮಾತು ಬೇರೆ: ಗಂಡಹೆಂಡಿರ ಒಂದು ಗಳಿಗೆಗೆ ಪ್ರಾಣವನ್ನೇ ಬೆಲೆಯಾಗಿ ಇಟ್ಟ ಕನ್ನಡ ಕವಿ ಲಕ್ಷ್ಮೀಶ. ಅಜನ ಮೇಖಲೆಯಂತೆಯೇ ಇದೂ ನಡುವೆ ನಿಂತ ಸುಖ.

ಇನ್ನೊಂದು ಉದ್ದಾಲಕ ಮತ್ತು ಚಂಡಿಯರ ಕಥೆ. ಗಂಡನು ಹೇಳಿದುದಕ್ಕೆ ವಿರುದ್ಧವಾಗಿ ನಡೆಯುವುದೇ ಚಂಡಿಯ ವ್ರತ. ಉಪಾಯ ಕಲಿತ ಉದ್ದಾಲಕನು ಬೇಕಾದುದಕ್ಕೆಲ್ಲ ಬೇಡವೆಂದು ಹೇಳಿ, ತಂದೆಯ ಶ್ರಾದ್ಧವನ್ನು ಸಾಂಗವಾಗಿ ನಡೆಯಿಸುವನು. ಅಡಿಗೆಯಾಯಿತು, ಬ್ರಾಹ್ಮಣರ ಭೋಜನವಾಯಿತು. ಒಂದು ಲೋಪವೂ ಇಲ್ಲ. ಕಟ್ಟಕಡೆಗೆ ಮೈಮರೆತು, ಪಿಂಡವನ್ನು ನೀರಿಗೆ ಬಿಡೆಂದು ನೆಟ್ಟಗೆ ನುಡಿಯುವನು, ಅವಳು ತಿಪ್ಪೆಗೆ ಎಸೆಯುವಳು, ಶಾಪದಿಂದ ಕಲ್ಲಾಗುವಳು. ಕೇಳುವವರು ಹೊಟ್ಟೆ ಹಿಡಿದು ನಗುವರು. ನಕ್ಕು ಮುಗಿದ ಮೇಲೆ ಯೋಚಿಸಬೇಕಾದುದೇನೆಂದರೆ, ಈ ಮನೆಯಲ್ಲಿಯೂ ಎರಡು ಜೊತೆ ಕೈಗಳು ದಿನವೆಲ್ಲ ದುಡಿದಿವೆ, ಕೆಲಸವೂ ಕೈಗೂಡಿದೆ, ಕೂಡಿ ಮಾಡಿದುದು ಮಾತ್ರ ಒಂದೂ ಇಲ್ಲ. ಯುಕ್ತಿಯಿಂದ ನಡೆದ ಸಂಸಾರವು ಒಂದು ನೇರವಾದ ಮಾತನ್ನು ತಾಳಲಾರದೆ ಹೋಯಿತು. ಕಲ್ಲಾದುದು ಚಂಡಿಯೊಬ್ಬಳೇ ಎಂದು ಪುರಾಣ ಹೇಳುವುದು. ಯುಕ್ತಿಯ ಮಾತನ್ನೇ ಆಡಿಕೊಂಡು ಬಂದ ಮುನಿಯ ಮನಸ್ಸು ಅದಕ್ಕೆ ಮುಂಚೆಯೇ ಕಲ್ಲಾಗಿರಲಿಲ್ಲವೆ ಎಂದು ಸಹೃದಯರು ಕೇಳಬಹುದು.

ಮೂರನೆಯವರು, ಹಿಂದೆ ತರೀಕೆರೆಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಅಜ್ಜಂಪುರ ಸೀತಾರಾಮ್, ಅರ್ಥಾತ್ ‘ಆನಂದ’. 1902ರಿಂದ 1963ರವರೆಗೆ ಬಾಳಿದ ಇವರು ಮಾಸ್ತಿಯವರು ತೆರೆದ ದಾರಿಯಲ್ಲಿ ನಡೆದು, ಸಣ್ಣ ಕಥೆಯಲ್ಲಿ ದಾಂಪತ್ಯದ ನವುರಾದ ಸುಖಕ್ಕೆ ಸ್ಥಾನವನ್ನು ಸಂಪಾದಿಸಿಕೊಟ್ಟರು. ಮುನಿಸು, ಚೇಷ್ಟೆ, ಮತ್ತೆ ರಾಜಿ—ಮಹಾಕಾವ್ಯಗಳು ಹೊಸಲಿನ ಹೊರಗೆ ನಿಲ್ಲಿಸಿದ್ದ ಇವುಗಳನ್ನು ಒಳಕ್ಕೆ ಕರೆದುದು ಸಣ್ಣ ಸಾಹಸವಲ್ಲ. ಇದೇ ಕಾಲದಲ್ಲಿ, 1942ರಲ್ಲಿ, ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯೂ ಪ್ರಕಟವಾಯಿತು. ಅದರ ಬಳೆಗಾರನನ್ನು ಅರಿಯದ ಕನ್ನಡಿಗರಿಲ್ಲ. ತೌರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನ ಬಾಗಿಲಿಗೆ ತರುವವನು ಮೇಘವಲ್ಲ, ಹಂಸವಲ್ಲ. ಊರೂರು ತಿರುಗಿ ಬಳೆ ತೊಡಿಸುವ ಮನುಷ್ಯ. ಕೈಕಸುಬಿನವನೊಬ್ಬನು ಸಂದೇಶಕಾವ್ಯದ ದೂತನಾದನೆಂಬುದೇ ಹೊಸಗನ್ನಡದ ಒಂದು ದೊಡ್ಡ ಲಾಭ.

ಇಷ್ಟನ್ನು ಹೇಳಿದಮೇಲೆ ಕೊರತೆಯನ್ನೂ ಹೇಳುವುದು ವಿಮರ್ಶೆಯ ಧರ್ಮ. ‘ಆನಂದ’ರ ದಂಪತಿಗಳ ಸುಖ ಬಹುಮಟ್ಟಿಗೆ ಮಾತಿನ ಸುಖ. ಅದು ಸವಿಯಾದುದು, ಆದರೆ ಮುರಿಯುವ ಭಯವಿಲ್ಲದ ಸವಿ ಬೇಗನೆ ಮೊಗಮೊತ್ತುವುದು. ಇವರನ್ನು ಅನುಸರಿಸಿದ ಅನೇಕರಲ್ಲಿ ಈ ದೋಷ ಬೆಳೆದು, ಕಾಫಿಯ ಲೋಟ, ಮಲ್ಲಿಗೆಯ ದಂಡೆ, ಹುಸಿಮುನಿಸು ಎಂಬ ಮೂರು ಸಾಮಗ್ರಿಗಳಿಂದಲೇ ಕಥೆ ಮುಗಿಯುವಂತಾಯಿತು. ‘ಆನಂದ’ರು ಈ ಅಪಾಯವನ್ನು ತಿಳಿಯದವರಲ್ಲ. ‘ನಾನು ಕೊಂದ ಹುಡುಗಿ’ ಎಂಬ ಅವರ ಶ್ರೇಷ್ಠ ಕಥೆಯೇ ಅದಕ್ಕೆ ಸಾಕ್ಷಿ. ಹರಕೆಯ ಕಾರಣ ಬಸವಿಯಾಗಿ ಬಿಡಲ್ಪಟ್ಟ ಹುಡುಗಿಯೊಬ್ಬಳು ಮನೆಗೆ ಬಂದ ಅತಿಥಿಯಿಂದ ವಿವೇಕದ ಮಾತನ್ನು ಕೇಳಿ, ತನ್ನ ಬಾಳು ಎಂತಹುದೆಂದು ಅರಿತು, ಪ್ರಾಣವನ್ನು ಕಳೆದುಕೊಳ್ಳುವಳು. ಗಂಡನೊಬ್ಬನೊಡನೆ ಕುಳಿತು ಹೂ ಕಟ್ಟುವ ಸಂಜೆ ಅವಳಿಗೆ ಎಂದೂ ಇಲ್ಲ. ಬೇರೆ ಕಥೆಗಳ ಸವಿಯನ್ನು ಈ ಒಂದು ಕಥೆಯ ಪಕ್ಕದಲ್ಲಿರಿಸಿ ಓದಿದರೆ, ಆ ಸವಿಗೂ ತೂಕ ಬರುವುದು. ಅದು ಎಲ್ಲರಿಗೂ ದೊರೆತ ಸ್ವತ್ತಲ್ಲವೆಂದು ತಿಳಿಯುವುದು.

ಇನ್ನೂ ಒಂದು ಕೊರತೆಯಿದೆ. ಅದು ಒಬ್ಬ ಲೇಖಕರದಲ್ಲ, ಸಾಹಿತ್ಯದ್ದೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಸುಬೂ ದಾಂಪತ್ಯವೂ ಒಂದಾಗಿದ್ದುವು. ಬಿದ್ದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮನು ಅವನನ್ನು ಹಿಂದಕ್ಕೆ ಕಳುಹಿಸಿದಳು. ಅದಕ್ಕೂ ಹಿಂದೆ ನೇಕಾರ ದಾಸಿಮಯ್ಯನ ಬಾಳಿನಲ್ಲಿ ದುಗ್ಗಳೆಗೆ ಸಮಪಾಲಿತ್ತು. ಆ ಪರಂಪರೆ ನಡುವೆ ಕಡಿದು, ಮುಂದೆ ಕಾವ್ಯವು ಅರಮನೆಯ ಹೂದೋಟಕ್ಕೂ, ಈಚೆಗೆ ಅಗ್ರಹಾರದ ಹಾಗೂ ಪೇಟೆಯ ನಡುಮನೆಗೂ ಸೀಮಿತವಾಯಿತು. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಕುರಿ ಸಾಕಿದ ಮನೆಗಳ ಕೆಲಸವನ್ನು ನೋಡಿರಿ. ಹೆಂಗಸು ಉಣ್ಣೆಯನ್ನು ಹಿಂಜಿ ನೂಲುವಳು. ಗಂಡಸು ಕುಣಿಮಗ್ಗದಲ್ಲಿ ಕುಳಿತು ನೇಯುವನು. ಹುಣಿಸೆಬೀಜದ ಗಂಜಿ ನೂಲಿಗೆ ಬಿಗುವನ್ನು ಕೊಡುವುದು. ಅವಳ ನೂಲಿನ ಸಣ್ಣದಪ್ಪಗಳು ಅವನ ಕೈಗೆ ತಿಳಿಯುವುವು. ಅವನ ಬಿಗಿಸಡಿಲುಗಳು ಕಂಬಳಿಯನ್ನು ಹೊದೆಯುವಾಗ ಅವಳಿಗೆ ತಿಳಿಯುವುವು. ಇಬ್ಬರೂ ಕೂಡಿ ಮಾಡಿದ ಕೆಲಸವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಬಿಸಿಲಿಗೂ ಮಳೆಗೂ ಚಳಿಗೂ ಒದಗುವ ಈ ಕಂಬಳಿಗೆ ಅಜನ ಮೇಖಲೆಗೆ ದೊರೆತಂತಹ ಕವಿ ದೊರೆತಿಲ್ಲ.

ಹೀಗೆಂದಾಕ್ಷಣ, ದುಡಿಮೆಯೆಲ್ಲವೂ ಸುಖವೆಂದು ಹಾಡಬೇಕೆಂದು ಅರ್ಥವಲ್ಲ. ಹೊಟ್ಟೆಪಾಡಿನ ಆಯಾಸವನ್ನು ಮರೆಮಾಡಿ ಸಿಹಿಯನ್ನಷ್ಟೇ ಬಣ್ಣಿಸುವುದು ಅನೌಚಿತ್ಯ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರನು ಹೇಳಿದ ಮಾತು ಇಲ್ಲಿಗೂ ಸಲ್ಲುವುದು. ಗಿರಣಿಯ ಹೊದಿಕೆಗಳು ಸಂತೆಗೆ ಬಂದಮೇಲೆ ಕೈಮಗ್ಗಗಳು ವಿರಳವಾಗುತ್ತಿವೆ. ನೂಲುವ ಕೈಗೂ ನೇಯುವ ಕೈಗೂ ಇದ್ದ ಸಂಬಂಧ ಸಡಿಲವಾಗುತ್ತಿದೆ. ಮುಗಿಯದೆ ಉಳಿಯಬಹುದೆಂಬ ಎರಡನೆಯ ಲಕ್ಷಣವೂ ಹೀಗೆ ತಾನಾಗಿ ಒದಗಿಬಂದಿದೆ. ವಸ್ತುವು ಕಣ್ಣಮುಂದಿದೆ, ಜನ್ನನ ಕಾಠಿನ್ಯವೂ, ಲಕ್ಷ್ಮೀಶನ ಮಾತಿನ ಮಾಧುರ್ಯವೂ, ‘ಆನಂದ’ರ ಮೃದುತ್ವವೂ ಪಿತ್ರಾರ್ಜಿತವಾಗಿ ದೊರೆತಿವೆ. ಈ ಸೀಮೆಯ ತರುಣ ಲೇಖಕರು ಮಲ್ಲಿಗೆಯ ದಂಡೆಯನ್ನು ಕೆಲವು ಕಾಲ ಪಕ್ಕಕ್ಕಿರಿಸಿ, ಮಗ್ಗದ ಮೇಲೆ ಅರ್ಧಕ್ಕೆ ನಿಂತಿರುವ ಆ ಕಂಬಳಿಯ ಬಳಿಗೆ ಹೋಗಿ ಕುಳಿತರೆ ಕನ್ನಡಕ್ಕೆ ಉಪಕಾರವಾಗುವುದು.