ಎಡಕಲ್ಲಿನ ಗೆರೆ, ಕಪ್ಪಗಲ್ಲಿನ ಚುಕ್ಕೆ

ಎಡಕಲ್ಲು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಭಾರತೀಸುತರ ಕಾದಂಬರಿ, ಅದನ್ನು ಆಧರಿಸಿ 1973ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾ. ಆ ಗುಡ್ಡದ ಬಂಡೆಯ ಮೇಲೆ ಕೊರೆದದ್ದೇನು ಎಂಬ ಮಾತು ನಮ್ಮಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ಜಾಗವೇನೂ ದೂರವಲ್ಲ, ಕೇರಳದ ವಯನಾಡು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಮೂಲೆಹೊಳೆ ದಾಟಿದರೆ ಪೊನ್ಕುಳಿ; ಮುಂದೆ ಮುತ್ತಂಗ, ಸುಲ್ತಾನ್ ಬತ್ತೇರಿ, ಅಂಬಲವಯಲ್. ಹೊಯ್ಸಳರ ಶಾಸನಗಳು ಬಯಲ್ನಾಡು ಎಂದು ಕರೆದ ಸೀಮೆಯಿದು.

ಎಡಕಲ್ಲಿನದು ನಿಜಕ್ಕೆ ಗುಹೆಯಲ್ಲ. ಅಂಬುಕುತ್ತಿ ಬೆಟ್ಟದ ಬಂಡೆ ಸೀಳಿ, ಆ ಬಿರುಕಿನ ನೆತ್ತಿಯಲ್ಲಿ ಭಾರೀ ಕಲ್ಲೊಂದು ಸಿಕ್ಕಿಕೊಂಡು ಮಾಡಾಗಿದೆ. ಮಲಬಾರಿನ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ ಇಲ್ಲಿನ ಕೆತ್ತನೆಗಳ ಬಗ್ಗೆ 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದರು. ಬಳ್ಳಾರಿ ಬಳಿಯ ಕಪ್ಪಗಲ್ಲಿನ ಬಂಡೆಚಿತ್ರಗಳನ್ನು 1892ರಲ್ಲಿ ಓದುಗರ ಮುಂದಿಟ್ಟವರೂ ಇವರೇ. ಎರಡನ್ನೂ ಅಕ್ಕಪಕ್ಕ ಇಟ್ಟರೆ ದಕ್ಷಿಣದ ಶಿಲಾಕೆತ್ತನೆ ಒಂದೇ ಕೈಯ ಕೆಲಸವಲ್ಲ ಎಂಬುದು ಕಾಣುತ್ತದೆ.

ಕಪ್ಪಗಲ್ಲಿನದು ಕುಟ್ಟುವ ಕೈ. ಕರಿಯ ಡಾಲರೈಟ್ ಬಂಡೆಯ ಮೇಲ್ಪದರವನ್ನು ಕಲ್ಲಿನಿಂದಲೇ ಚುಕ್ಕೆ ಚುಕ್ಕೆಯಾಗಿ ಜಜ್ಜಿ ಒಳಗಿನ ತಿಳಿಬಣ್ಣ ಹೊರಗೆಡಹಿದ್ದಾರೆ. ಬಹುಪಾಲು ದನಗಳು, ಉದ್ದ ಕೊಂಬಿನ ಹೋರಿಗಳು. ದನ ಸಾಕಿ ಬದುಕಿದ ನವಶಿಲಾಯುಗದ ಜನ ಕೊಂಬಿನ ಬಾಗನ್ನು, ಹಿಣಿಲಿನ ಏರನ್ನು ಬಲ್ಲವರು. ಹೀಗಾಗಿ ಪಕ್ಕದಿಂದ ಕಂಡ ಪ್ರಾಣಿ ಒಂದೇ ನೋಟಕ್ಕೆ ಗುರುತು ಸಿಗುತ್ತದೆ.

ಎಡಕಲ್ಲಿನದು ಗೀರುವ ಕೈ. ಕಲ್ಲಿನೊಳಗೆ ಇಳಿದ ಗೆರೆಗಳು ಅಡ್ಡಡ್ಡ, ಉದ್ದುದ್ದ ಒತ್ತೊತ್ತಾಗಿ ಹರಿಯುತ್ತವೆ. ತಲೆಯ ಮೇಲೆ ದೊಡ್ಡ ಅಲಂಕಾರ ಹೊತ್ತು ಎದುರಿಗೆ ಮುಖ ಮಾಡಿದ ಮನುಷ್ಯರು, ಚಕ್ರಗಳು, ಚೌಕಗಳು. ಪ್ರಾಣಿಗಳು ಕಡಿಮೆ, ಇದ್ದವೂ ಸೊರಗಿವೆ. ಆ ವಿಷಯದಲ್ಲಿ ಕಪ್ಪಗಲ್ಲೇ ಮೇಲು ಎಂದು ಸಂಕೋಚವಿಲ್ಲದೆ ಹೇಳಬೇಕು. ಆದರೆ ಗೋಡೆಯನ್ನು ತುಂಬುವ ಕಲೆಯಲ್ಲಿ ಎಡಕಲ್ಲಿಗೆ ಸಾಟಿಯಿಲ್ಲ. ಒಂದು ಆಕೃತಿಯ ಗೆರೆ ಮತ್ತೊಂದರ ಮೈಯೊಳಗೆ ಸೇರಿ, ಮನುಷ್ಯ ಎಲ್ಲಿ ಮುಗಿದ, ಜಾಲರಿ ಎಲ್ಲಿ ಶುರುವಾಯಿತು ಎಂದು ಕಣ್ಣು ತಡಕಾಡುತ್ತದೆ. ಒಂದೇ ಸಲಕ್ಕೆ ಮುಗಿದ ಕೆಲಸದಂತೆ ಇದು ತೋರುವುದಿಲ್ಲ.

ಇಂಥ ಗೋಡೆಯನ್ನು ನಾವು ಚಿತ್ರವಾಗಿ ನೋಡಿದ್ದಕ್ಕಿಂತ ಲಿಪಿಯಾಗಿ ಓದಹೊರಟದ್ದೇ ಹೆಚ್ಚು. ಇಲ್ಲಿನ ಬ್ರಾಹ್ಮಿ ಬರಹಗಳನ್ನು ಶಾಸನತಜ್ಞ ಹುಲ್ಟ್ಸ್ ಓದಿಕೊಟ್ಟದ್ದು ಅಮೂಲ್ಯ ಕೆಲಸ. ಆದರೆ ಅಕ್ಷರಗಳು ಚಿತ್ರಗಳಿಗಿಂತ ಬಹಳ ಈಚಿನವು. 2009ರಲ್ಲಿ ಇತಿಹಾಸಕಾರ ಎಂ.ಆರ್. ರಾಘವ ವಾರಿಯರ್ ಇಲ್ಲೊಂದು ಸಿಂಧೂ ನಾಗರಿಕತೆಯ ಚಿಹ್ನೆಯನ್ನು ಗುರುತಿಸಿದಾಗ ಪತ್ರಿಕೆಗಳೆಲ್ಲ ಅದರ ಹಿಂದೆ ಬಿದ್ದವು. ಗೆರೆಗಳ ಕಿಕ್ಕಿರಿದ ಹೆಣಿಗೆಯಿಂದ ಒಂದು ಗುರುತನ್ನು ಬಿಡಿಸಿ ತೆಗೆದರೆ ಹೋಲಿಕೆಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಹಾಗೆ ಬಿಡಿಸಿದೊಡನೆ ಅದು ಗೋಡೆಯ ಭಾಗವಾಗಿ ಉಳಿಯುವುದಿಲ್ಲ.

ಕೊರೆದ ಗೆರೆಯಲ್ಲಿ ಬಣ್ಣವಿಲ್ಲ, ಇದ್ದಿಲಿಲ್ಲ. ಕಾಲವನ್ನು ನೇರವಾಗಿ ಅಳೆಯುವುದು ಕಷ್ಟ. ಉಳಿದಿರುವ ಸಾಕ್ಷಿ ಯಾವ ಗೆರೆ ಯಾವುದನ್ನು ಕತ್ತರಿಸಿದೆ ಎಂಬ ಅನುಕ್ರಮ. ಇಡೀ ಗೋಡೆಯನ್ನು ಓರೆ ಬೆಳಕಿನಲ್ಲಿ ಅಂಗುಲ ಅಂಗುಲ ನೋಡಿ, ಆ ಅನುಕ್ರಮವನ್ನು ನಕ್ಷೆಗಿಳಿಸಬೇಕು. ಕಪ್ಪಗಲ್ಲಿನಲ್ಲಂತೂ ಅವಸರವೇ ಇದೆ: ಹೋರಿಗಳನ್ನು ಹೊತ್ತ ಡಾಲರೈಟ್ ಬಂಡೆಗೇ ಕಲ್ಲುಗಣಿಯ ಕಾಟ ತಗುಲಿ, ಅದರ ಒಂದಷ್ಟು ಭಾಗ ಆಗಲೇ ಒಡೆದುಹೋಗಿದೆ.